ಕರಿ ಹಂಸದ ಕಾವು

ನಾನು ನನ್ನ ಆಯುಷ್ಯದಲ್ಲಿ ಒಂದೇ ಒಂದು ಕರಿ ಹಂಸವನ್ನು ನೋಡಿದ್ದೇನೆ. ಅದು ಧೋತರ ಉಡುತ್ತಿತ್ತು, ಹೊತ್ತಿಗೊಮ್ಮೆ ಎಲೆ ಅಡಿಕೆ ಹಾಕುತ್ತಿತ್ತು, ವಯಸ್ಸಿನಲ್ಲಿ ನನಗಿಂತ ಎಂಟು ವರ್ಷ ದೊಡ್ಡದಿತ್ತು. ಆ ಹಂಸ ನನ್ನ ಅಣ್ಣ.

ಸುಮ್ಮನೆ ಹೇಳುತ್ತಿಲ್ಲ. ಕರಿ ಹಂಸದ ಚಹರೆಯನ್ನು ನನಗೆ ಬಾಯಿಪಾಠ ಮಾಡಿಸಿದವನೇ ಅವನು. ಮೈಯೆಲ್ಲ ಮಸಿ. ಕೊಕ್ಕು ಕೆಂಪು, ಅದರ ತುದಿಯ ಹತ್ತಿರ ಒಂದು ಬಿಳಿ ಪಟ್ಟಿ. ಕುತ್ತಿಗೆ ಬಲು ಉದ್ದ, ಬಾಗಿಸಿದರೆ ಕುಡಗೋಲಿನಂತೆ. ರೆಕ್ಕೆಯ ಅಂಚಿನ ಗರಿ ಮಾತ್ರ ಬೆಳ್ಳಗೆ. ಕೂತಾಗ ಕಾಣುವುದಿಲ್ಲ, ಹಾರಿದಾಗ ಕಾಣುತ್ತದೆ. ಈಗ ನಮ್ಮ ಅಣ್ಣನನ್ನು ಅದರ ಪಕ್ಕ ನಿಲ್ಲಿಸಿ ನೋಡಿ. ಮೈ ನಮ್ಮ ಎರೆ ಹೊಲದ ಕರಿ ಮಣ್ಣಿನ ಬಣ್ಣ. ಬಾಯಿ ಸದಾ ಕೆಂಪು, ನಡುವೆ ಬಿಳಿ ಹಲ್ಲು. ಕುತ್ತಿಗೆ ಎಷ್ಟು ಉದ್ದವೆಂದರೆ ಆಳಂದದ ಸಿಂಪಿಗ ಒಂದು ಸಲ ಅಳತೆ ತೆಗೆದು, ನಂಬದೆ, ಮತ್ತೊಂದು ಸಲ ತೆಗೆಯುತ್ತಿದ್ದ. ಧೋತರದ ಬಿಳಿ ಚುಂಗು, ಅವ್ವ ಬೆನ್ನಟ್ಟಿ ಬಂದು ಅವನು ಓಡುವಾಗ ಮಾತ್ರ, ಹೊರಗೆ ಹಾರುತ್ತಿತ್ತು. ಇನ್ನೇನು ಬೇಕು?

ಈ ಅಣ್ಣನ ಕಥೆಯನ್ನು ನಾನು ಲಾರಿ ನಿಲ್ಲಿಸಿದ ಕಡೆಯೆಲ್ಲ ಹೇಳಿ ಜನರನ್ನು ನಗಿಸಿದ್ದೇನೆ. ಆದರೆ ಅದರಲ್ಲಿ ಒಂದು ಭಾಗವನ್ನು ಪ್ರತಿ ಸಲ ನುಂಗಿಕೊಂಡು ಹೇಳಿದ್ದೇನೆ. ನುಂಗುವುದು ಎಂಬ ಮಾತು ಇಲ್ಲಿ ಬಹಳ ಸರಿಯಾಗಿ ಕೂಡುತ್ತದೆ. ಯಾಕೆಂಬುದು ಮುಂದೆ ಬರುತ್ತದೆ. ಈ ಸಲ ಪೂರಾ ಹೇಳುತ್ತೇನೆ.

ಶುರುವಾದದ್ದು ಚುರುಮುರಿಯಿಂದ. ಆಳಂದದ ಬಜಾರದಿಂದ ಅಣ್ಣ ಕಟ್ಟಿಸಿಕೊಂಡು ಬಂದ ಚುರುಮುರಿ ಮುಗಿಯಿತು, ಪೊಟ್ಟಣದ ಕಾಗದ ಉಳಿಯಿತು. ಅದು ಯಾವುದೋ ಮಾಸಪತ್ರಿಕೆಯ ಹಾಳೆ. ಅದರಲ್ಲಿ ಕರಿ ಹಂಸದ ಚಿತ್ರ, ಕೆಳಗೆ ಅದರ ಸಂಗತಿ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು, ಅಣ್ಣ ಏಳನೇದು ಪಾಸಾದವನು. ಹೀಗಾಗಿ ನಮ್ಮ ಮನೆಗೆ ಬಂದ ಕಾಗದವೆಲ್ಲ, ಅದು ಪೊಟ್ಟಣದ್ದೇ ಆದರೂ, ಅಣ್ಣನ ಕಾರಭಾರ. ಅವನು ಪಡಸಾಲೆಯ ಕಂಬಕ್ಕೆ ಒರಗಿ ಗಟ್ಟಿಯಾಗಿ ಓದಿದ.

"ಹಂಸ ಎಲ್ಯಾರ ಕರ್ರಗ ಇರ್ತದೇನೋ?" ಎಂದಳು ಅವ್ವ, ಜೋಳ ಹಸನು ಮಾಡುತ್ತ. "ಅದು ಕಾಗಿ ಇರಬೇಕು, ಬರಾಬರಿ ನೋಡು."

"ಕಾಗಿಗೆ ಇಷ್ಟುದ್ದ ಕುತಿಗಿ ಇರ್ತದೇನು ಯವ್ವಾ?"

"ನಿನಗಿಲ್ಲೇನು?"

ಅಣ್ಣ ಅದನ್ನು ಕೇಳಿಸಿಕೊಳ್ಳದೆ ಮುಂದೆ ಓದಿದ. ಈ ಹಂಸಗಳು ಬಹಳ ಆಳವಿಲ್ಲದ ದೊಡ್ಡ ಕೆರೆಗಳಲ್ಲಿ ಇರುತ್ತವೆ. ನೀರೊಳಗಿನ ಹುಲ್ಲು, ಪಾಚಿ ತಿನ್ನುತ್ತವೆ. ನೀರು ಬತ್ತಿದರೆ ನೀರಿದ್ದ ಕಡೆಗೆ ಹಾರಿ ಹೋಗುತ್ತವೆ. ಜೊಂಡು, ಕಡ್ಡಿ ಒಟ್ಟಿ ನೀರಿನ ನಡುವೆ ಬಣವೆಯಂಥ ಗೂಡು ಕಟ್ಟುತ್ತವೆ. ಒಂದು ಸಲಕ್ಕೆ ಐದಾರು ತತ್ತಿ, ಬಣ್ಣ ತಿಳಿ ಹಸಿರು. ಸುಮಾರು ನಲವತ್ತು ದಿನ ಕಾವು. ಹೆಣ್ಣು ಎದ್ದರೆ ಗಂಡು ಕೂಡುತ್ತದೆ, ಗಂಡು ಎದ್ದರೆ ಹೆಣ್ಣು. ಒಮ್ಮೆ ಜೋಡಿಯಾದರೆ ಬಹುತೇಕ ಸಾಯುವತನಕ ಅದೇ ಜೋಡಿ. ಮರಿಗಳು ಮಾತ್ರ ಕಪ್ಪಲ್ಲ, ಬೂದಿ ಬಣ್ಣ.

"ತಾಯಿ ತಂದಿ ಕರ್ರಗಿದ್ದು ಮರಿ ಬೂದಿ ಬಣ್ಣ ಹೆಂಗಾಗ್ತಾವೋ?" ಎಂದಳು ಅವ್ವ.

"ಇಬತ್ತಿ ಹಚ್ಗೊಂಡ ಹುಟ್ತಾವ ಯವ್ವಾ."

ಅವ್ವ ಮೊರ ಕೆಳಗಿಟ್ಟು ಒಂದು ಗಳಿಗೆ ಯೋಚಿಸಿದಳು. ಹುಟ್ಟುವಾಗಲೇ ವಿಭೂತಿ ಧರಿಸುವ ಹಕ್ಕಿಯ ಬಗ್ಗೆ ಎರಡು ಮಾತಾಡುವುದು ಅವಳಿಗೂ ಕಷ್ಟವಾಯಿತು.

ತೊಡಕಾದದ್ದು ಹಾಳೆಯ ಮೂಲೆಯಿಂದ. ಅದು ಎಣ್ಣೆ ಹೀರಿ ಹರಿದಿತ್ತು. "ಈ ಹಕ್ಕಿಗಳು ವಾಸಿಸುವುದು" ಎಂಬಲ್ಲಿಗೆ ಒಂದು ಸಾಲು ಮುಗಿಯುತ್ತಿತ್ತು. ಮುಂದಿನ ಸಾಲಿನ ತಲೆ ಹೋಗಿ "ಲಿಯಾದ ಕೆರೆಗಳಲ್ಲಿ" ಎಂದಷ್ಟೇ ಉಳಿದಿತ್ತು. ಲಿಯಾ ಯಾವ ಊರು? ಅಣ್ಣ ಮಡಿ ಧೋತರ ಉಟ್ಟು ಆಳಂದದ ಬಸ್‌ಸ್ಟ್ಯಾಂಡಿಗೆ ಹೋಗಿ ಕೇಳಿದ: "ಲಿಯಾಕ್ಕ ಯಾವ ಬಸ್ಸು ಹೋಗ್ತದ್ರಿ?" ಅಲ್ಲಿ ಕೂತವರಿಗೆ ಗೊತ್ತಿಲ್ಲ ಎನ್ನಲು ನಾಚಿಕೆ. "ಅಫಜಲಪುರದಾಗ ಕೇಳ್ರಿ," ಎಂದರು. ಅಫಜಲಪುರದವರಿಗೂ ನಾಚಿಕೆ. "ಜೇವರ್ಗಿ ಕಡೆ ಇರಬೇಕು ನೋಡ್ರಿ," ಎಂದರು. ಜೇವರ್ಗಿ ಅಣ್ಣನಿಗೆ ಹೆಣ್ಣು ಕೊಟ್ಟ ಊರು. ಹೀಗೆ ಲಿಯಾ ಹುಡುಕಲು ಹೋದ ಅಣ್ಣ ಊಟದ ಹೊತ್ತಿಗೆ ಮಾವನ ಮನೆ ಮುಟ್ಟಿದ. ನಮ್ಮ ಕಡೆಯ ಅಳಿಯಂದಿರು ಯಾವ ದಿಕ್ಕಿಗೆ ಹೊರಟರೂ ಕಡೆಗೆ ಅಲ್ಲಿಗೇ ಮುಟ್ಟುತ್ತಾರೆ ಬಿಡಿ.

ಮರುದಿನ ಮುಂಜಾನೆ ಅವನು ಭೀಮಾ ನದಿಯ ದಂಡೆಗೆ ಹೋದವನೇ ಕೂಗುತ್ತ ಬಂದನಂತೆ. ನದಿಯಲ್ಲಿ ಕರಿ ಹಂಸ! ಉದ್ದ ಕುತ್ತಿಗೆ, ಮೈಯೆಲ್ಲ ಕಪ್ಪು. ಮಾವ, ಮಾವನ ತಮ್ಮಂದಿರು, ಓಣಿಯ ಮಂದಿ ಎಲ್ಲ ದಂಡೆಗೆ ಬಂದು ನಿಂತರು. ಹಂಸ ಒಮ್ಮೆ ಅವರನ್ನು ನೋಡಿತು, ಬುಳಕ್ಕನೆ ನೀರಲ್ಲಿ ಮುಳುಗಿತು. ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ಅಣ್ಣ ಅಂಗಿ ಕಳೆದು ಅದನ್ನು ಉಳಿಸಲು ಸೊಂಟಮಟ ನೀರಿಗೆ ಇಳಿದ. ಆಗ ಅದು ಆಚೆ ಎಲ್ಲೋ ಬಾಯಲ್ಲಿ ಮೀನು ಹಿಡಿದುಕೊಂಡು ಎದ್ದಿತು.

"ಅಳಿಯಾ," ಎಂದರು ಮಾವ, ಬಹಳ ಮರ್ಯಾದೆಯಿಂದ, "ಅದು ನೀರಕಾಗಿರಿ. ನಾವು ಹುಟ್ಟಿದಾಗಿಂದ ನೋಡಾಕತ್ತೇವಿ. ಮ್ಯಾಲ ಬರ್ರಿ, ನೆಗಡಿ ಆಗ್ತದ."

ಊರಿಗೆ ಬಂದ ಮೇಲೆ ನಮ್ಮ ಶಾಲೆಯ ಮಾಸ್ತರರು ಹಾಳೆ ನೋಡಿ, ಅದು ಆಸ್ಟ್ರೇಲಿಯಾ, ಅಲ್ಲಿಗೆ ಬಸ್ಸಿಲ್ಲ, ನಡುವೆ ಸಮುದ್ರವಿದೆ ಎಂದು ತಿಳಿಸಿ ಹೇಳಿದರು. ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ಅಣ್ಣ, "ನಾವ್ಯಾಕ ಹೋಗ್ಬೇಕ್ರಿ? ಅಲ್ಲಿ ನೀರ ಬತ್ತಿದ್ರ ಅವ ಬರ್ತಾವ," ಎಂದು ಹೊಲದ ಮೂಲೆಯಲ್ಲಿ ಹೊಂಡ ತೋಡಿದ. ಮಳೆಗೆ ನೀರು ನಿಂತಿತು. ಹಳ್ಳದಿಂದ ಜೊಂಡು ಕಿತ್ತು ತಂದು ಅದರಲ್ಲಿ ನೆಟ್ಟ. ಒಂದು ಮುಂಜಾನೆ ನಾನು ಹೊಲದಿಂದ ಓಡಿ ಬಂದು, "ಅಣ್ಣಾ, ಹೊಂಡಕ್ಕ ಬಂದದ. ಮೈಯೆಲ್ಲ ಕರ್ರಗದ, ನೀರಾಗ ಕೂತದ," ಎಂದೆ. ಅವನು ಬರಿಗಾಲಲ್ಲಿ ಓಡಿದ. ಬಾಜೂ ಹೊಲದವರ ಎಮ್ಮೆ ಕೊರಳಮಟ ಮುಳುಗಿ ಮೆಲುಕು ಹಾಕುತ್ತಿತ್ತು. ಅಣ್ಣ ಸೊಂಟಕ್ಕೆ ಕೈಯಿಟ್ಟು ಬಹಳ ಹೊತ್ತು ನೋಡಿ, "ಕುತಿಗಿ ಗಿಡ್ಡಾತು," ಎಂದ.

ಇಲ್ಲಿತನಕ ಬರೀ ನಗೆ. ಇನ್ನು ಅತ್ತಿಗೆಯ ಮಾತು ಹೇಳಬೇಕು.

ಅಣ್ಣನ ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಅವ್ವ ಅತ್ತಿಗೆಯನ್ನು ಕರೆದುಕೊಂಡು ಸುತ್ತದ ದೇವರಿಲ್ಲ, ತೋರಿಸದ ದವಾಖಾನೆಯಿಲ್ಲ. ಒಬ್ಬ ಡಾಕ್ಟರು, "ಮಗನನ್ನೂ ಕರ್ಕೊಂಡು ಬರ್ರಿ, ಅವರನ್ನೂ ತಪಾಸ ಮಾಡಬೇಕು," ಎಂದರು. ಅವ್ವ ಎದ್ದು ಬಂದು ಡಾಕ್ಟರನ್ನೇ ಬದಲಾಯಿಸಿದಳು. ಕಡೆಗೆ ಅವಳು ಗೊಬ್ಬೂರದಲ್ಲಿ ಒಂದು ಹೆಣ್ಣಿದೆ, ಎರಡನೇ ಸಂಬಂಧಕ್ಕೆ ಒಪ್ಪುತ್ತಾರೆ ಎಂಬ ಸುದ್ದಿ ತಂದಳು. ಅವಳು ಅದನ್ನು ಪಡಸಾಲೆಯಲ್ಲಿ ಹೇಳುವಾಗ ಒಳಗೆ ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ನಡುವೆಯೇ ನಿಂತಿತು. ಹಂಚಿನ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂತು.

"ಕರಿ ಹಂಸ ಒಮ್ಮಿ ಜೋಡಿ ಆದ್ರ ಮುಗೀತು ಯವ್ವಾ," ಎಂದ ಅಣ್ಣ.

"ಅವಕ್ಕ ತತ್ತಿಯರ ಆಗ್ತಾವಲ್ಲೋ."

"ಗಂಡೂ ಕಾವು ಕೂಡ್ತದ. ಮರಿ ಬರ್ಲಿಲ್ಲಂದ್ರ ಬರೇ ಹೆಣ್ಣಿಂದ ತಪ್ಪು ಹೆಂಗಾಗ್ತದ?"

ಅವ್ವನಿಗೆ ರೇಗಿತು. "ಹಂಗಾರ ನೀನ ಕೂತು ತೋರ್ಸು. ಮರಿ ಬಂತಂದ್ರ ಗೊಬ್ಬೂರದ ಹೆಸರ ಎತ್ತಂಗಿಲ್ಲ. ಬರ್ಲಿಲ್ಲಂದ್ರ ತಲಿಗಿ ಪಟಕಾ ಸುತ್ಗೊಂಡು ಸುಮ್ಮ ನನ್ನ ಹಿಂದ ಬರಬೇಕು."

"ಆತು," ಎಂದ ಅಣ್ಣ. ಅವ್ವ ಸಿಟ್ಟಿನಲ್ಲಿ ಹೇಳಿದ್ದನ್ನು ಅವನು ಕರಾರು ಮಾಡಿಕೊಂಡುಬಿಟ್ಟ.

ತತ್ತಿ ತರುವವರು ಯಾರು? ನಾನು. ತೊಗರಿಯ ಲೋಡು ಹಾಕಿಕೊಂಡು ವಾರಕ್ಕೆರಡು ಸಲ ಸೊಲ್ಲಾಪುರಕ್ಕೆ ಹೋಗುತ್ತಿದ್ದೆ. ನಾವು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು. ತತ್ತಿ ಎಂಬ ಶಬ್ದವನ್ನೇ ನಮ್ಮ ಮನೆಯಲ್ಲಿ ಮೆಲ್ಲಗೆ ಆಡುತ್ತಿದ್ದರು. ಇಪ್ಪತ್ತನಾಲ್ಕು ವರ್ಷದ ನಾನು ಅಲ್ಲಿಯವರೆಗೆ ಒಂದು ತತ್ತಿಯನ್ನು ಮುಟ್ಟಿ ಸಹ ನೋಡಿದವನಲ್ಲ. ಖಜೂರಿಯ ಹತ್ತಿರ ರಸ್ತೆಯ ಬದಿಗೆ ಒಬ್ಬ ಚಾಚಾನ ಹೋಟೆಲಿತ್ತು. ಹಿಂದಿನ ಹಳ್ಳದಲ್ಲಿ ಅವನವು ನಾಲ್ಕಾರು ಬದಕ, ಎಂದರೆ ಬಾತುಕೋಳಿ, ಈಜುತ್ತಿದ್ದವು. ಮುಂದಿನ ಕಟ್ಟೆಯ ಮೇಲೆ ಒಂದು ಬುಟ್ಟಿ ತುಂಬ ತತ್ತಿ ಇರುತ್ತಿದ್ದವು. ಬಣ್ಣ ತಿಳಿ ಹಸಿರು!

"ಚಾಚಾ, ಇವು ಹಂಸದ ತತ್ತಿ ಏನ್ರಿ?"

"ಬದಕದ್ದು. ಹಂಸ, ಬದಕ ಎರಡೂ ಒಂದ ಖಾನ್‌ದಾನ್. ಎಷ್ಟು ಕಟ್ಲಿ?"

"ಆರು."

ಅವು ಹಂಸದವಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಮರಿ ಬಂದರಾಯಿತು, ಅತ್ತಿಗೆ ಉಳಿದರಾಯಿತು, ಮರಿ ಯಾರದೆಂದು ಅವ್ವನಿಗೇನು ತಿಳಿಯುತ್ತದೆ ಎಂದುಕೊಂಡೆ. ಅಷ್ಟರಮಟ್ಟಿಗೆ ನನ್ನ ಮನಸ್ಸು ಚೊಕ್ಕವಿತ್ತು. ಚಾಚಾ ಆರು ತತ್ತಿಯನ್ನು ಕಾಗದದಲ್ಲಿ ಸುತ್ತಿಕೊಟ್ಟ. ಜೊತೆಗೆ ಒಂದು ಸಣ್ಣ ಪೊಟ್ಟಣ. ಬಿಚ್ಚಿ ನೋಡಿದೆ: ಉಪ್ಪು, ಖಾರದಪುಡಿ. ಇದ್ಯಾಕೆಂದು ಕೇಳುವಷ್ಟರಲ್ಲಿ ಹಿಂದಿನ ಲಾರಿಯವನು ಹಾರ್ನ್ ಹೊಡೆದ. ಊರತನಕ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಲಾರಿ ಓಡಿಸಿದೆ. ತತ್ತಿ ಇನ್ನೂ ಬೆಚ್ಚಗಿದ್ದವು. ಬದಕ ಈಗಷ್ಟೇ ಎದ್ದು ಹೋಗಿರಬೇಕು, ಎಂಥ ತಾಜಾ ಮಾಲು ಸಿಕ್ಕಿತು ಎಂದು ಹಿಗ್ಗಿದೆ.

ಮನೆಯ ಹೊಸ್ತಿಲಲ್ಲಿ ಅವ್ವ ಅಡ್ಡ ನಿಂತಳು. "ಲಿಂಗದ ಮನಿ ಇದು. ತತ್ತಿ ಒಳಗ ಬರೂದಿಲ್ಲ." ಅಂದು ಸೋಮವಾರ, ಭಿಕ್ಷೆಗೆ ಬಂದ ಅಯ್ಯನವರು ಅಲ್ಲೇ ಇದ್ದರು. ನ್ಯಾಯ ಅವರ ಮುಂದೆ ಹೋಯಿತು. ಅವರು ಜೋಳಿಗೆ ಸರಿಮಾಡಿಕೊಂಡು ಅಣ್ಣನನ್ನು ಕೇಳಿದರು:

"ಈ ಹಕ್ಕಿ ಏನ ತಿಂತದ?"

"ನೀರಾಗಿನ ಹುಲ್ಲ ತಿಂತದ್ರಿ."

"ಹುಳ, ಮೀನ?"

"ಮುಟ್ಟಂಗಿಲ್ರಿ. ಬರೇ ಹುಲ್ಲು, ಪಾಚಿ ಅಂತ ಬರದದ್ರಿ."

"ಹಂಗಾರ ನಮ್ಮದ," ಎಂದರು ಅಯ್ಯನವರು. "ಅಡಗಿ ಮನಿಯೊಳಗ ಬ್ಯಾಡ, ಕೊಟಗಿಯಾಗ ಇಡ್ರಿ."

ಉಪ್ಪು, ಖಾರದ ಪೊಟ್ಟಣ ಯಾಕೆಂಬುದನ್ನು ಅತ್ತಿಗೆ ಕೂಡಲೇ ತಿಳಿದುಕೊಂಡಳು. "ಎಷ್ಟ ಶಾಣ್ಯಾ ಮನಿಷ್ಯಾ ನೋಡು. ದೃಷ್ಟಿ ತಗೀಲಿ ಅಂತ ಕೊಟ್ಟಾನ." ಅವಳು ಆ ಪೊಟ್ಟಣವನ್ನು ತತ್ತಿಗಳ ಮೇಲೆ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದಳು. ಘಾಟಿಗೆ ಅಯ್ಯನವರ ಸಹಿತ ಮನೆಮಂದಿಯೆಲ್ಲ ಕೆಮ್ಮಿ ಹೊರಗೆ ಬಂದೆವು. ಯಾರಿಗೂ ಏನೂ ಸಂಶಯ ಬರಲಿಲ್ಲ. ಹೇಗೆ ಬರಬೇಕು? ತತ್ತಿಗೆ ಉಪ್ಪು ಖಾರ ಯಾಕೆ ಹತ್ತುತ್ತದೆ ಎಂಬುದನ್ನು ತಿಳಿದವರು ನಮ್ಮ ಏಳು ತಲೆಯಲ್ಲಿ ಇರಲಿಲ್ಲ.

ಕೊಟ್ಟಿಗೆಯಲ್ಲಿ ಖಾಲಿ ಬಿದ್ದ ಮೇವಿನ ಗೋದಲಿಯಲ್ಲಿ ತೊಗರಿ ಹೊಟ್ಟು ಹಾಸಿದರು. ಅದರ ಮೇಲೆ ತತ್ತಿ, ಮೇಲೆ ಕಂಬಳಿ. ಕಂಬಳಿಯನ್ನು ಮೈಗೆ ಸುತ್ತಿಕೊಂಡು, ತತ್ತಿಗಳನ್ನು ಮಡಿಲಿಗೆ ಎಳೆದುಕೊಂಡು ಕೂಡಬೇಕು. ಕೋಳಿ ತಂದು ಕೂಡಿಸಿದರೆ ಹಗುರಾಗುತ್ತದೆ ಎಂದು ನಾನು ಹೇಳಿ ನೋಡಿದೆ. "ತತ್ತಿ ಬಂದದ್ದು ಸಾಲದೇನು, ಕೋಳೀನೂ ಬರ್ಬೇಕೇನು?" ಎಂದು ಅವ್ವ ಬಾರುಕೋಲು ಹುಡುಕಿದಳು. ಹೀಗಾಗಿ ಅಣ್ಣ, ಅತ್ತಿಗೆ ಪಾಳಿ ಹಚ್ಚಿಕೊಂಡರು. ಅಣ್ಣ ಕೂತನೆಂದರೆ ಕಂಬಳಿಯೊಳಗಿಂದ ಕುತ್ತಿಗೆಯೊಂದೇ ಮೇಲೆ ಕಾಣುತ್ತಿತ್ತು. ಊರ ಮಂದಿ ಬಂದು ನೋಡಿ ಹೋಗುತ್ತಿದ್ದರು.

"ಏನ್ರಿ ಗೌಡ್ರ, ಎಷ್ಟ ಹಾಕೀರಿ?"

"ಹಾಕಿಲ್ರಿ. ಬರೇ ಕೂತೇನಿ."

ಈ ಮಾತನ್ನು ನಾನು ಆಳಂದದಿಂದ ಸೊಲ್ಲಾಪುರದವರೆಗೆ ಹಂಚಿದೆ. ಯಾರೂ ನಗದೆ ಬಿಟ್ಟವರಿಲ್ಲ. ಆದರೆ ಒಂದು ಸಂಗತಿಯನ್ನು ನಾನು ಯಾರಿಗೂ ಹೇಳಲಿಲ್ಲ, ಹೇಳಿದರೆ ನಗುವಂಥದ್ದಲ್ಲ. ಒಂಬತ್ತು ವರ್ಷದಲ್ಲಿ ಅವರಿಬ್ಬರು ಹಗಲು ಹೊತ್ತು ಮಂದಿಯ ಎದುರಿಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಈಗ ಪಾಳಿ ಬದಲಿಸುವಾಗ ಒಂದೊಂದೇ ತತ್ತಿಯನ್ನು ಕೈಯಿಂದ ಕೈಗೆ ಕೊಡಬೇಕು, ಅವಸರ ಮಾಡುವಂತಿಲ್ಲ. "ಹುಷಾರ್ರಿ," ಎನ್ನುತ್ತಿದ್ದಳು ಅತ್ತಿಗೆ. "ನೀ ಹುಷಾರ," ಎನ್ನುತ್ತಿದ್ದ ಅಣ್ಣ. ಆರು ತತ್ತಿ ದಾಟಿಸಲು ಅವರಿಗೆ ಅರ್ಧ ತಾಸು ಬೇಕಾಗುತ್ತಿತ್ತು.

ಹನ್ನೆರಡನೇ ದಿನ ನಾನು ಖಜೂರಿಯ ಆ ಹೋಟೆಲಿನಲ್ಲಿ ನಿಂತೆ. ಪಕ್ಕದ ಹಗ್ಗದ ಮಂಚದ ಮೇಲೆ ಇಬ್ಬರು ಡ್ರೈವರುಗಳು, ಹಳೇ ಪರಿಚಯದವರು. "ಲೇ, ಇಷ್ಟ ವರ್ಷ ಲಾರಿ ಹೊಡ್ದೀದಿ, ಒಂದ ತತ್ತಿ ತಿಂದಿಲ್ಲಂದ್ರ ಯಾರರ ನಂಬ್ತಾರೇನು?" ಎಂದು ಒಬ್ಬ ಬುಟ್ಟಿಯಿಂದ ಒಂದನ್ನು ಎತ್ತಿ, ಹಲಗೆಗೆ ಕುಟ್ಟಿ, ಸಿಪ್ಪೆ ಸುಲಿದು, ನನ್ನ ಕೈಯಲ್ಲಿಟ್ಟ. ಬೆಳ್ಳಗೆ, ಮೆತ್ತಗೆ ಇತ್ತು. ಸುತ್ತ ಎಲ್ಲ ನೋಡುತ್ತಿದ್ದರು. ಬಾಯಿಗೆ ಹಾಕಿಕೊಂಡೆ. ಅರ್ಧ ಒಳಗೆ ಹೋಗಿತ್ತು, ಆಗ ಚಾಚಾ ನನ್ನ ಮುಂದೆ ಒಂದು ಸಣ್ಣ ಪೊಟ್ಟಣ ತಂದಿಟ್ಟ. ಉಪ್ಪು, ಖಾರದಪುಡಿ.

"ಇದು ದೃಷ್ಟಿ ತಗ್ಯಾಕೇನ್ರಿ?" ಎಂದೆ ನಾನು.

ಅವರು ನಕ್ಕ ನಗೆ ಇನ್ನೂ ನನ್ನ ಕಿವಿಯಲ್ಲಿದೆ. ಹಚ್ಚಿಕೊಂಡು ತಿನ್ನಬೇಕು ಎಂದರು. ಆ ಬುಟ್ಟಿಯೊಳಗಿನವು ಯಾವಾಗಲೂ ಕುದಿಸಿದ ತತ್ತಿಯೇ. ಹಸಿ ತತ್ತಿ ಒಳಗೆ ಬೇರೆ ಇರುತ್ತವೆ. ಹಾಗಾದರೆ ನಮ್ಮ ಕೊಟ್ಟಿಗೆಯಲ್ಲಿ ಹನ್ನೆರಡು ದಿನದಿಂದ ಕಾವು ಕೂತದ್ದು ಯಾವುದಕ್ಕೆ? ಬಹಳ ಪಶ್ಚಾತ್ತಾಪವಾಯಿತು. ಪಶ್ಚಾತ್ತಾಪವಾದ ಮೇಲೆ ಎರಡನೇದು ತಿಂದೆ. ಸುಳ್ಳು ಯಾಕೆ ಹೇಳಲಿ, ಉಪ್ಪು ಖಾರ ಹಚ್ಚಿದರೆ ಚಲೋ ಇತ್ತು.

ಅವತ್ತೇ ಮನೆಗೆ ಹೋಗಿ ಹೇಳಬಹುದಿತ್ತು. ಹಸಿ ತತ್ತಿ ತಂದು ಬದಲಿಸಿದ್ದರೆ ಇನ್ನೂ ವೇಳೆ ಇತ್ತು. ಆದರೆ "ಕುದಿಸಿದ್ದಂತ ನಿನಗ ಹೆಂಗ ಗೊತ್ತಾತು?" ಎಂದು ಅವ್ವ ಕೇಳಿದರೆ? ಡ್ರೈವರು ಹೇಳಿದ ಎನ್ನಬಹುದಿತ್ತು. ಸುಳ್ಳು ಹುಟ್ಟಿಸುವುದು ನನಗೇನು ಹೊಸದಲ್ಲ. ಆದರೆ ಅವ್ವ ನನ್ನ ಮುಖ ನೋಡಿದರೆ ಸಾಕು, ಬಾಯಲ್ಲಿ ಏನು ಹೋಗಿದೆ ಎಂದು ಹೇಳಿಬಿಡುತ್ತಾಳೆ ಎಂಬ ಹೆದರಿಕೆ. ಕೊರಳಲ್ಲಿ ಲಿಂಗವಿದ್ದವನು ತತ್ತಿ ತಿಂದ ಎಂದು ಊರೆಲ್ಲ ಸುದ್ದಿಯಾದರೆ? ನನಗೂ ಆಗ ಹೆಣ್ಣು ನೋಡುತ್ತಿದ್ದರು. ನಾಳೆ ಹೇಳೋಣ ಎಂದೆ. ನಾಳೆ ಮತ್ತೆ ನಾಳೆಯಾಯಿತು. ಅತ್ತಿಗೆ ಮನೆಯಲ್ಲಿ ಉಳಿಯುವುದು ಬಿಡುವುದು ನನ್ನ ಒಂದು ಮಾತಿನ ಮೇಲಿತ್ತು, ನಾನು ನನ್ನ ಮರ್ಯಾದೆ ನೋಡಿಕೊಂಡೆ.

ಇಪ್ಪತ್ತು ದಿನವಾಗುವಷ್ಟರಲ್ಲಿ ಕೊಟ್ಟಿಗೆ ನಾರತೊಡಗಿತು. "ಏನಿದು ನಾತ?" ಎಂದಳು ಅವ್ವ. "ಮರಿ ಬಲೀತಾವ," ಎಂದ ಅಣ್ಣ. ತತ್ತಿ ಎಷ್ಟು ನಾರಬೇಕು, ಎಷ್ಟು ನಾರಬಾರದು ಎಂಬ ಅಂದಾಜು ನಮ್ಮಲ್ಲಿ ಯಾರಿಗಿತ್ತು? ಆಕಳು ಹಗ್ಗ ಕಿತ್ತುಕೊಂಡು ಅಂಗಳಕ್ಕೆ ಬಂದು ನಿಂತಿತು. ಅಣ್ಣ, ಅತ್ತಿಗೆ ಮೂಗಿಗೆ ಸೆರಗು, ಟವೆಲು ಕಟ್ಟಿಕೊಂಡು ಕೂತರು.

ನಲವತ್ತು ದಿನವಾಯಿತು. ಮತ್ತೆರಡು ದಿನ ಹೆಚ್ಚು ಕೂತರು. ಏನೂ ಆಗಲಿಲ್ಲ. ಅವ್ವ ಗೆದ್ದೆನೆಂದು ಹಿಗ್ಗಲಿಲ್ಲ, "ಏಳಪಾ, ಸಾಕು," ಎಂದಳು ಅಷ್ಟೇ. ತತ್ತಿಗಳನ್ನು ಹುಗಿಯಲು ಅತ್ತಿಗೆ ಹೊಲಕ್ಕೆ ಹೊರಟಳು, ಗುದ್ದಲಿ ಹಿಡಿದು ನಾನು ಹಿಂದೆ ಹೋದೆ. ಬದುವಿನ ಮೇಲೆ ಮಣ್ಣು ಎಳೆಯುತ್ತ ಅವಳು ನನ್ನ ಕಡೆ ನೋಡದೆ ಹೇಳಿದಳು:

"ನಿಮ್ಮಣ್ಣಗ ಹೇಳಬ್ಯಾಡ. ಹೋದ ವಾರ ಒಂದ ಮಧ್ಯಾನ ನನ್ನ ಪಾಳಿಯೊಳಗ ಜೊಂಪು ಹತ್ತಿತು. ಎದ್ದು ನೋಡಿದ್ರ ಕಂಬಳಿ ಸರದಿತ್ತು, ಆರಕ್ಕಾರೂ ತಣ್ಣಗಾಗಿದ್ವು. ಅವ್ರು ಅಷ್ಟು ದಿನ ಕೂತ್ರು, ನಾ ಒಂದ ಗಳಿಗಿ ಕಣ್ಣ ಮುಚ್ಚಿ ಹಾಳ ಮಾಡಿದೆ. ನನ್ನ ಮಡಲಾಗ ಯಾವದೂ ನಿಲ್ಲಂಗಿಲ್ಲ ನೋಡು."

ಗುದ್ದಲಿ ನನ್ನ ಕೈಯಲ್ಲಿತ್ತು. ಆಚೆ ಈಚೆ ಯಾರೂ ಇರಲಿಲ್ಲ. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿತ್ತೇ? ನಾನು, "ಬಿಸಲ ಏರಿತು, ನಡಿ ಅತ್ತಿಗಿ," ಎಂದೆ.

ಅಣ್ಣ ಕರಾರಿನಂತೆ ಪಟಕಾ ಸುತ್ತಿಕೊಂಡು ಅವ್ವನ, ನನ್ನ ಜೊತೆ ಗೊಬ್ಬೂರಕ್ಕೆ ಬಂದ. ಅಲ್ಲಿ ಹೆಣ್ಣಿನ ಅಪ್ಪ ಚಹಾ ಕೊಟ್ಟು, ಅಣ್ಣನ ಕುತ್ತಿಗೆಯನ್ನು ಬುಡದಿಂದ ತುದಿಯವರೆಗೆ ನೋಡಿ ಕೇಳಿದ: "ತತ್ತಿ ಮ್ಯಾಲ ಕೂತಿದ್ದ ಅನ್ನೋ ಗೌಡ್ರು ನೀವ ಏನ್ರಿ?" ನನ್ನ ಬಾಯಿಯ ಸುದ್ದಿ ನನಗಿಂತ ಮೊದಲೇ ಅಲ್ಲಿಗೆ ಹೋಗಿತ್ತು. ಅವ್ವ ಅಣ್ಣನ ತೊಡೆ ಚಿವುಟಿದಳು. ಅಣ್ಣ ಅದನ್ನು ಲೆಕ್ಕಿಸದೆ, "ಹೌದ್ರಿ," ಎಂದು ಕರಿ ಹಂಸದ ಕೊಕ್ಕಿನಿಂದ ಶುರುಮಾಡಿ, ಗೂಡು, ತತ್ತಿ, ಕಾವು ದಾಟಿ, ಸಾಯುವತನಕ ಒಂದೇ ಜೋಡಿ ಎಂಬಲ್ಲಿಗೆ ತಂದು ನಿಲ್ಲಿಸಿದ. ಒಳಗೆ ಹೆಣ್ಣಿನ ಅವ್ವ ಬಾಗಿಲು ಹಾಕಿಕೊಂಡ ಸಪ್ಪಳ ಕೇಳಿತು. ಆಳಂದದಲ್ಲಿ ಬಸ್ಸಿಳಿಯುವಾಗ ಅವ್ವ, "ಕೊಕ್ಕಿನತನಕರ ಹೇಳಿ ನಿಲ್ಲಿಸಬೇಕಿತ್ತಪಾ," ಎಂದಳು. ಆಮೇಲೆ ಹುಚ್ಚನಿಗೆ ಹೆಣ್ಣು ಕೊಡಲು ಯಾರೂ ಮುಂದೆ ಬರಲಿಲ್ಲ. ಅತ್ತಿಗೆ ಮನೆಯಲ್ಲಿ ಉಳಿದಳು.

ಅತ್ತಿಗೆ ಉಳಿದಳಲ್ಲ, ಇನ್ನೇನು ಎಂದು ನಾನು ನನ್ನನ್ನೇ ಸಮಾಧಾನ ಮಾಡಿಕೊಂಡೆ. ಲಗ್ನವಾದೆ. ನಾಲ್ಕು ವರ್ಷಕ್ಕೆ ನನಗೊಬ್ಬ ಮಗಳು ಹುಟ್ಟಿದಳು. ಕೂಸಿಗೆ ಎಣ್ಣೆ ಹಚ್ಚುವುದು, ಎರೆಯುವುದು, ಕುಂಚಿಗೆ ಹೊಲಿಯುವುದು ಎಲ್ಲ ಅತ್ತಿಗೆಯೇ. ಆದರೆ ಒಂದು ವಿಚಿತ್ರ: ಬಾಜೂ ಮತ್ತೊಬ್ಬರು ಇದ್ದರೆ ಮಾತ್ರ. ಕೂಸು ಮಲಗಿತೆಂದರೆ ಅದನ್ನು ಯಾರದಾದರೂ ಕೈಗೆ ದಾಟಿಸಿ ಎದ್ದುಬಿಡುತ್ತಿದ್ದಳು. ಒಬ್ಬಳೇ ಎಂದೂ ಕೂಸಿನ ಜೊತೆ ಕೂಡುತ್ತಿರಲಿಲ್ಲ. ಅವಳಿಗೆ ಹೊಟ್ಟೆಕಿಚ್ಚು ಎಂದು ನನ್ನ ಹೆಂಡತಿ ಒಂದು ದಿನ ಅಂದಳು. ನಾನು ಅದಕ್ಕೂ ಸುಮ್ಮನಿದ್ದೆ.

ಕೂಸಿಗೆ ಮೂರು ತಿಂಗಳಿದ್ದಾಗ ಒಂದು ಮಧ್ಯಾಹ್ನ. ನನ್ನ ಹೆಂಡತಿ ಬಾವಿಗೆ ಬಟ್ಟೆ ಒಗೆಯಲು ಹೋಗಿದ್ದಳು, ಅವ್ವ ಹೊಲಕ್ಕೆ. ನಾನು ಸೊಲ್ಲಾಪುರದ ಲೋಡು ತುಂಬಿದ ಲಾರಿಯನ್ನು ಬಾಗಿಲ ಮುಂದೆ ನಿಲ್ಲಿಸಿ ಊಟಕ್ಕೆ ಒಳಗೆ ಬಂದೆ. ತೊಟ್ಟಿಲಲ್ಲಿ ಕೂಸು ಕಿರುಚುತ್ತಿತ್ತು. ಅತ್ತಿಗೆ ತೊಟ್ಟಿಲಿಗೆ ಎರಡು ಮಾರು ದೂರ, ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು.

"ಎತ್ಗೋ ಅತ್ತಿಗಿ," ಎಂದೆ.

"ಎತ್ಗೊಂಡ್ರ ಮಲಗ್ತದ. ಮಲಗಿದ ಮ್ಯಾಲ ನಾ ಕಾಯ್ಬೇಕಾಗ್ತದ. ನನಗ ಜೊಂಪು ಹತ್ತಿದ್ರ? ನೀ ಎತ್ಗೋ ತಮ್ಮಾ, ನನ್ನ ಕೈಯಾಗ ಬಿಡಬ್ಯಾಡ್ರಿ."

ನಾನು ಊಟಕ್ಕೆಂದು ಎತ್ತಿಕೊಂಡಿದ್ದ ತಾಟು ಕೆಳಗಿಟ್ಟೆ.

"ಅತ್ತಿಗಿ, ಅವು ಕುದಿಸಿದ ತತ್ತಿ."

"ಯಾವು?"

"ನಾ ಖಜೂರಿಯಿಂದ ತಂದವು. ನೀರಾಗ ಹಾಕಿ ಬೇಯಿಸಿದ್ದವು. ಹಂಸದವೂ ಅಲ್ಲ, ಬದಕದವು. ನೀವು ನಲವತ್ತ ವರ್ಷ ಕೂತಿದ್ರೂ ಮರಿ ಬರ್ತಿರಲಿಲ್ಲ."

ಅವಳು ನನ್ನನ್ನೇ ನೋಡಿದಳು. "ನಿನಗ ಹೆಂಗ ಗೊತ್ತು?"

ನಾಲ್ಕು ವರ್ಷ ಹೆದರಿಕೊಂಡ ಪ್ರಶ್ನೆ. "ನಾ ತಿಂದೆ," ಎಂದೆ. "ಹನ್ನೆರಡನೇ ದಿನ. ಅವತ್ತ ತಿಳೀತು. ಹೇಳಲಿಲ್ಲ."

ಆಗಷ್ಟೇ ಹೊರಗಿನಿಂದ ಬಂದು ಪಡಸಾಲೆಯಲ್ಲಿ ಹಗ್ಗ ಹೊಸೆಯಲು ಕೂತಿದ್ದ ಅಣ್ಣ ಅಲ್ಲಿಂದಲೇ ಕೇಳಿದ: "ಎಷ್ಟ ತಿಂದಿ?"

"ಎರಡು."

"ಅಂದ್ರ ಆ ಪೊಟ್ಟಣ..."

"ಹಚ್ಗೊಂಡು ತಿನ್ನಾಕ."

ಅಣ್ಣನ ಹೆಗಲು ಅಲುಗತೊಡಗಿದವು. ನಗುತ್ತಿದ್ದಾನೆಂದು ನನಗೆ ಹಿಂದಿನಿಂದಲೇ ಗೊತ್ತಾಯಿತು. ಅಷ್ಟರಲ್ಲಿ ಅತ್ತಿಗೆ ಹೇಳಿದಳು, ಯಾರಿಗೆಂದಲ್ಲ, ತನಗೆ ತಾನೇ ಹೇಳಿಕೊಂಡಂತೆ:

"ಹಂಗಾರ ನಾ ನಿದ್ದಿ ಹೋಗಿದ್ದಕ್ಕಲ್ಲ."

ಅಣ್ಣನ ನಗು ನಿಂತಿತು. ಅವನಿಗೆ ಆ ನಿದ್ದೆಯ ಸಂಗತಿಯೇ ಗೊತ್ತಿರಲಿಲ್ಲ. ಹಗ್ಗ ಬಿಟ್ಟು ಎದ್ದು ಬಂದು ಬಾಗಿಲಲ್ಲಿ ನಿಂತ. ಅವನು ನನ್ನನ್ನು ಬೈದಿದ್ದರೆ, ಅತ್ತಿಗೆ ಎರಡು ಮಾತು ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

ಅತ್ತಿಗೆ ತೊಟ್ಟಿಲ ಹತ್ತಿರ ಹೋಗಿ ಕೂಸನ್ನು ಎತ್ತಿಕೊಂಡಳು. ನೆಲಕ್ಕೆ ಕೌದಿ ಹಾಸಿ ಅದನ್ನು ಬಗಲಲ್ಲಿ ಹಾಕಿಕೊಂಡು ಅಡ್ಡಾದಳು. ತಟ್ಟುತ್ತ ತಟ್ಟುತ್ತ ಕೂಸಿನ ಅಳು ಇಳಿಯಿತು. ಸ್ವಲ್ಪ ಹೊತ್ತಿಗೆ ತಟ್ಟುವ ಕೈಯೂ ನಿಂತಿತು. ಬಾಯಿ ಅರ್ಧ ತೆರೆದು, ಸೆರಗು ಸರಿದದ್ದು ತಿಳಿಯದೆ, ಅತ್ತಿಗೆ ನಿದ್ದೆ ಹೋದಳು. ಅಣ್ಣ ಬಾಜೂ ಕೂತು ಟವೆಲಿನಿಂದ ಇಬ್ಬರ ಮೇಲಿನ ನೊಣ ಹಾರಿಸತೊಡಗಿದ.

ಹೊಲದಿಂದ ಅವ್ವ ಬಂದಳು. ಹಗಲು ಹೊತ್ತು ಮಲಗಿದ ಸೊಸೆಯನ್ನು ಕಂಡು ಬಾಯಿ ತೆರೆದವಳು ಅಣ್ಣನ ಮುಖ ನೋಡಿದಳು. ಏನು ಕಂಡಳೋ, ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಮೆಲ್ಲಗೆ ಇಳಿಸಿ, ಒಳಗೆ ಬರದೆ ಹೊಸ್ತಿಲ ಹೊರಗೇ ಬಿಸಿಲಲ್ಲಿ ಕೂತಳು.

ಸೊಲ್ಲಾಪುರದಲ್ಲಿ ತೊಗರಿ ಕೊಳ್ಳುವ ಅಡತಿಯವರು ಹಾದಿ ಕಾಯುತ್ತಿದ್ದರು. ನಾನು ಹೋಗಿ ಲಾರಿಯಲ್ಲಿ ಕೂತೆ, ಕೀಲಿ ಹಾಕಿದೆ, ತಿರುವಲಿಲ್ಲ. ಆ ಹಳೇ ಎಂಜಿನ್ನು ಚಾಲೂ ಆದರೆ ಓಣಿಯೆಲ್ಲ ಎಚ್ಚರಾಗುತ್ತದೆ. ಹೊತ್ತು ಮುಳುಗುವತನಕ ಲಾರಿ ನಮ್ಮ ಬಾಗಿಲ ಮುಂದೆಯೇ ನಿಂತಿತ್ತು.